ಕೆಳಗಿನ ಆಳು

ಸೀಳುಗುಂಡಿಗೆ ಇಬ್ಬರು ಬೇಕು:
ದಿಮ್ಮಿಯ ಮೇಲೆ ನಿಂತು ಗೀಟು ನೋಡುವವನೊಬ್ಬ,
ಗುಂಡಿಗಿಳಿದು ಎಳೆಯುವವನೊಬ್ಬ.
ನಾನು ಕೆಳಗಿನ ಆಳು.
ಹೊಟ್ಟು ಕಣ್ಣಿಗೆ ಬೀಳದ ಹಾಗೆ ತಲೆಗೆ ಗೋಣಿ ಹೊದ್ದು
ಅಣ್ಣನ ಪಾದಗಳನ್ನೇ ನೋಡುತ್ತ ಬೆಳೆದೆ,
ಹದಿನಾಲ್ಕರ ತನಕ.

ತಾಳವಾಡಿ ಸಂತೆಗೆ ಖಾಕಿಯವನೊಬ್ಬ ಬಂದ.
ಎದೆ ಅಳೆಯಲಿಲ್ಲ, ಓದು ಕೇಳಲಿಲ್ಲ,
ಬಿಲ್ಲಯ್ಯನ ಅಂಗೈ ತಿರುಗಿಸಿ
ಬೆರಳಬುಡದ ಜಡ್ಡು ಒತ್ತಿ ನೋಡಿದ.
ಅಷ್ಟೇ ಪರೀಕ್ಷೆ.
"ಬಂದೂಕಲ್ಲ ಕನವ್ವಾ, ಕೊಡ್ಲಿಯೇ.
ಮರ ಕುಯ್ಯೋ ಪಟಾಲಮ್ಮು.
ತಿಂಗಳಿಗೆ ಹದಿನೆಂಟು ರೂಪಾಯಿ, ಕಾಲಿಗೆ ಬೂಟು."
ಅವ್ವ ಬೂಟಿನ ಬಗ್ಗೆ ಮಾತ್ರ ಕೇಳಿದಳು:
"ಅದ ಹಾಕ್ಕಂಡು ದಿಮ್ಮಿ ಹತ್ತದು ಹೆಂಗ್ಲಾ?"

ದಿಂಬದ ಘಾಟಿಯಲ್ಲಿ ಲಾರಿ ಮರೆಯಾದ ಮೇಲೂ
ಒಂದೊಂದು ತಿರುವಿಗೆ ಒಂದೊಂದು ಸಲ ಅದರ ಉಬ್ಬಸ ಕೇಳಿಸಿತು.
ಗರಗಸ ಅಟ್ಟಕ್ಕೆ ಹೋಯಿತು.
ಒಬ್ಬನೇ ಎಳೆಯುವಂಥದ್ದಲ್ಲ ಅದು.

ಯಾರೋ ತಮಿಳಲ್ಲಿ ಬರೆದುಕೊಟ್ಟ ಕಾಗದ,
ಅಂಚೆಯವನು ಕನ್ನಡದಲ್ಲಿ ಓದಿದ:
ಇಲ್ಲಿಯ ಹೊಳೆ ದೊಡ್ಡದು.
ತೇಗ ನಮ್ಮದಕ್ಕಿಂತ ಉದ್ದ.
ಬೆಳಿಗ್ಗೆ ಕಡಿದದ್ದು ಸಂಜೆಗೆ ಸೇತುವೆ.
ಹಸಿಮರದಲ್ಲಿ ನಾವು ದನದ ಗೂಟವನ್ನೂ ಮಾಡುವುದಿಲ್ಲ,
ಇವರು ದಾರಿ ಮಾಡುತ್ತಾರೆ.
ತಮ್ಮ ಗರಗಸಕ್ಕೆ ಎಣ್ಣೆ ಹಚ್ಚಲಿ.

ನಡುವೆ ಎರಡು ಸಾಲಿಗೆ ಮಸಿ ಬಳಿದಿದ್ದರು.
ಅಕ್ಷರ ಬಾರದ ಅವ್ವ
ಆ ಎರಡು ಸಾಲನ್ನೇ ಬಿಸಿಲಿಗೆ ಹಿಡಿದು ಹಿಡಿದು ನೋಡಿದಳು.
ಮನಿಯಾರ್ಡರು ಬಂತು, ಬಂತು,
ಆಮೇಲೆ ಬರಲಿಲ್ಲ.

ನಾಲ್ಕನೇ ವರ್ಷ, ರಾಗಿ ಕುಯ್ಲಿನ ಹೊತ್ತಿಗೆ ಬಂದ.
ಚಳಿಜ್ವರ ತಿಂದುಳಿದ ಮೈ,
ಲೇಸಿನಲ್ಲಿ ಗಂಟು ಹಾಕಿದ ಬೂಟು ಹೆಗಲ ಮೇಲೆ.
ಮೂರು ದಿನ ಮಲಗಿದ. ನಾಲ್ಕನೆಯ ದಿನ
ಗರಗಸ ಇಳಿಸಿ ಅರ ಹಾಕಿ ಹಲ್ಲು ಚೂಪು ಮಾಡಿದ.

ಗುಂಡಿಗಿಳಿದು ಗೋಣಿ ಹೊದ್ದು ಕಾದೆ.
ಮೇಲಿಂದ ಗರಗಸ ಬರಲಿಲ್ಲ.
ಅಣ್ಣ ದಿಮ್ಮಿಗೆ ಕಿವಿಯಿಟ್ಟು
ಕೊಡಲಿಯ ಬೆನ್ನಿಂದ ತಟ್ಟುತ್ತಿದ್ದ,
ಸಂತೆಯಲ್ಲಿ ಮಡಕೆ ಕೊಳ್ಳುವವಳು ತಟ್ಟುವ ಹಾಗೆ,
ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ.
"ಏನಣ್ಣಾ?"
"ಅಲ್ಲಿ ಮರದೊಳಗ ಕಬ್ಬಿಣ ಇರ್ತದ ಕನಾ.
ಬಾಂಬಿನ ಚೂರು. ಮೇಲ ತೊಗಟೆ ಕೂಡ್ಕಂಡಿರ್ತದ, ಕಾಣಲ್ಲ.
ಗರಗಸ ತಾಕ್ತು ಅಂದ್ರ ಹಲ್ಲು ಹಾರ್ತದ, ಕೆಳಕ್ಕೇ ಹಾರ್ತದ.
ನನ್ನ ಕೆಳಗಿನ ಆಳು ಒಬ್ಬ ಇದ್ದ,
ಬರಗೂರು ಬೆಟ್ಟದವನು, ಕುಂಬಣ್ಣ ಅಂತ…"
ಅಲ್ಲಿಂದ ಮುಂದೆ
ಅವನೇ ಮಸಿ ಬಳಿದುಕೊಂಡ.

ಆಮೇಲೆ ಅದೊಂದು ಚಾಳಿ.
ದನ ಅಟ್ಟಿಕೊಂಡು ಹೋಗುವಾಗ, ನೀರಿಗೆ ಹೋಗುವಾಗ
ಮತ್ತಿ, ದಿಂಡಿಗ, ಬೀಟೆ, ಸಿಕ್ಕಿದ್ದಕ್ಕೆಲ್ಲ ಒಂದು ಏಟು, ಒಂದು ಕಿವಿ.
ಊರು ನಕ್ಕಿತು. ನಮ್ಮ ಕಾಡಿಗೆ ಯಾರು ಬಾಂಬು ಹಾಕಿದ್ದಾರು?
ದೊಡ್ಡಿಯ ಹಿಂದಿನ ಹೊನ್ನೆಮರದ ಹತ್ತಿರ ನಿಂತ.
ಮತ್ತೆ ತಟ್ಟಿದ.
"ಇದರಲ್ಲಿ ಅದ," ಅಂದ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು.
ಅಮಾವಾಸ್ಯೆಗೊಂದರಂತೆ ಎತ್ತಿನ ಲಾಳದ ಮೊಳೆ.
ನಲವತ್ತೊಂದು.
ಹಳೆಯವನ್ನು ಮರ ನುಂಗಿತ್ತು,
ಅವನ್ನು ಅಣ್ಣ ಕಿವಿಯಿಂದಲೇ ಎಣಿಸಿದ.
"ಮರಕ್ಕ ಯಾಕವ್ವಾ ಹೊಡ್ದ?"
"ಯಾರಿಗಾರ ತಾಕಬೇಕಿತ್ತಲ್ಲ ಮಗಾ."

ಸೆರಗಿನಲ್ಲಿ ಕೈಮಸಿ ಒರೆಸಿಕೊಂಡು
ಹಿಟ್ಟು ತೊಳಸಲು ಒಳಗೆ ಹೋದಳು.

ಮರುದಿನ ನಾನು ಗೋಣಿಗೆ ಕೈ ಹಾಕಿದರೆ
ಅದು ಅಣ್ಣನ ತಲೆಯ ಮೇಲಿತ್ತು.
"ನೀನು ಮ್ಯಾಲ ನಿಲ್ಲು," ಅಂದು ಗುಂಡಿಗಿಳಿದ.
ಮೇಲಿಂದ ಅವನು ಬರೀ ಗೋಣಿ, ಎರಡು ಕೈ.
ಗೀಟು ಹಿಡಿಯಲು ಬಾರದವನು ನಾನು;
ಸೀಳು ಮೂರು ಬೆರಳು ಸೊಟ್ಟ ಹೋಯಿತು,
ಹಲಗೆಯನ್ನು ಯಾರೂ ಕೊಳ್ಳಲಿಲ್ಲ.
ಈಗಲೂ ಅದು ದೊಡ್ಡಿಯ ಬಾಗಿಲು.
ಎಳೆಯುವ ಮೊದಲು
ನಾನೂ ಒಂದು ಸಲ ತಟ್ಟಿ ನೋಡಿದ್ದೆ,
ಅವನಿಗೆ ಕೇಳಿಸುವಷ್ಟು ಜೋರಾಗಿ.